ರಾಜೇಸಾಬ ಮಾಸ್ತರರ ಪೆಟ್ಟಿಗೆ ಹಾಡಿದ ದಿನ

ಸುಳ್ಳು ಹೇಳಬೇಕೆಂದು ಅಲ್ತಾಫ ಹೇಳಿದ್ದಲ್ಲ. ಹೋದ ಶುಕ್ರವಾರ ಸವಣೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಖಾರಾ ಕಟ್ಟಿಸಿಕೊಳ್ಳುತ್ತ ನಿಂತಿದ್ದಾಗ ರಾಜೇಸಾಬ ಮಾಸ್ತರರು ಎದುರಾದರು.

"ಅಲ್ತಾಫ, ನಮ್ಮ ಪೆಟಿಗಿ ಹೆಂಗೈತೋ?" ಎಂದು ಕೊಟ್ಟ ಮಗಳ ಕ್ಷೇಮ ವಿಚಾರಿಸುವವರ ಹಾಗೆ ಕೇಳಿದರು.

ಪೆಟ್ಟಿಗೆ ಎಷ್ಟೋ ವರ್ಷಗಳಿಂದ ಅಲಮಾರಿಯ ನೆತ್ತಿಯ ಮೇಲಿದೆ, ಅದರ ನೆತ್ತಿಯ ಮೇಲೆ ಉಪ್ಪಿನಕಾಯಿ ಭರಣಿ ಇದೆ ಎಂದು ಆ ಮುಖ ನೋಡಿಕೊಂಡು ಹೇಳಲು ಯಾರಿಗೆ ತಾನೇ ಬಾಯಿ ಬರುತ್ತದೆ? ಅಲ್ತಾಫನಿಗೂ ಬರಲಿಲ್ಲ. "ದಿನಾ ಹಾಡ್ತೈತ್ರಿ ಮಾಸ್ತರ್" ಅಂದುಬಿಟ್ಟ.

ಮಾಸ್ತರರ ಕಣ್ಣು ತುಂಬಿದವು. "ಹಂಗಾದ್ರ ಗುರುವಾರ ಸಂಜಿಮುಂದ ಬರ್ತೇನಿ. ಒಮ್ಮೆ ಕೇಳಿ ಹೊಕ್ಕೇನಿ. ಈ ಕಿವಿ ಇನ್ನೆಷ್ಟು ದಿನ ಕೇಳತಾವೋ ಏನೋ."

ಖಾರಾದ ಪೊಟ್ಟಣ ಹಿಡಿದುಕೊಂಡು ಅಲ್ತಾಫ ಮನೆಗೆ ಬಂದ. ಅದನ್ನು ಬಿಚ್ಚದೆ ಗೂಡಿನಲ್ಲಿಟ್ಟು ಅಲಮಾರಿಯ ನೆತ್ತಿಯನ್ನೇ ನೋಡುತ್ತ ನಿಂತ.

ಈ ಪೆಟ್ಟಿಗೆಯ ಕತೆ ಸ್ವಲ್ಪ ಹೇಳಬೇಕು. ಒಂದು ಕಾಲದಲ್ಲಿ ರಾಜೇಸಾಬರ ಆರ್ಕೆಸ್ಟ್ರಾ ಇಲ್ಲದೆ ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರ ಕಡೆ ದೊಡ್ಡ ಮನೆಯ ಮದುವೆಗಳು ಮದುವೆ ಅನ್ನಿಸಿಕೊಳ್ಳುತ್ತಿರಲಿಲ್ಲ. ಆ ಆರ್ಕೆಸ್ಟ್ರಾದ ಜೀವ ಈ ಕರಿಯ ಪೆಟ್ಟಿಗೆ. ಅಂಗಡಿಯವರ ಭಾಷೆಯಲ್ಲಿ ಅದು ಮಿಡಿ ಸೌಂಡ್ ಮಾಡ್ಯೂಲ್. ಮಾಸ್ತರರು ಕೀಬೋರ್ಡಿನ ಮೇಲೆ ಬೆರಳಾಡಿಸಿದರೆ ಪೆಟ್ಟಿಗೆಯಿಂದ ಸನಾದಿ, ಕೊಳಲು, ಪಿಟೀಲು, ಬೇಕಾದರೆ ಟೆಲಿಫೋನ್ ಗಂಟೆಯೂ ಬರುತ್ತಿತ್ತು. ಮುಂದೆ ಡಿಜೆ ಬಂತು, ಆರ್ಕೆಸ್ಟ್ರಾ ಮುಳುಗಿತು. ಕೀಬೋರ್ಡ್ ಮಾತ್ರ ತಮ್ಮ ಹತ್ತಿರ ಇಟ್ಟುಕೊಂಡು ಮಾಸ್ತರರು ಪೆಟ್ಟಿಗೆಯನ್ನೂ ಆಂಪ್ಲಿಫೈಯರನ್ನೂ ಶಿಷ್ಯ ಅಲ್ತಾಫನ ಕೈಗಿಟ್ಟರು. "ಇದರ ಬಾಯಿ ಮುಚ್ಚಾಕ ಬಿಡಬ್ಯಾಡಪಾ" ಅಂದಿದ್ದರು. ಅಷ್ಟೇ ಮಾತು. ಅಲ್ತಾಫನ ಮದುವೆಯಲ್ಲಿ ಮಾಸ್ತರರು ಕಡೆಯ ಸಲ ಅದನ್ನು ಬಾರಿಸಿದರು. ಮುಂದೆ ಅವನು ಮನೆಯ ಮುಂದಿನ ಕೋಣೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟ, ಪೆಟ್ಟಿಗೆಯ ಬಾಯಿ ತಾನಾಗಿ ಮುಚ್ಚಿಕೊಂಡಿತು.

ಗುರುವಾರ ಬೆಳಿಗ್ಗೆ ಅದು ಬಾಯಿ ಬಿಡದಿದ್ದರೆ ಸಂಜೆ ಮಾಸ್ತರರ ಮುಂದೆ ಅಲ್ತಾಫ ಬಾಯಿ ಬಿಡಬೇಕಾಗಿತ್ತು. ಕೊಟ್ಟ ಮಾತೂ ಸುಳ್ಳು, ಆಡಿದ ಮಾತೂ ಸುಳ್ಳು. ಆ ಮುದುಕನ ಎದೆ ಒಡೆಯುತ್ತದೆ ಎಂಬುದೇ ಅವನಿಗೆ ದೊಡ್ಡ ಅಂಜಿಕೆ.

ಅಂಗಡಿಯ ಬಾಗಿಲು ಅರ್ಧ ತೆರೆದು ಅವನು ಪೆಟ್ಟಿಗೆ ಇಳಿಸಿದ. ಹೆಂಡತಿ ಗುಲ್ನಾಜ ಭರಣಿಯನ್ನು ಎದೆಗವಚಿಕೊಂಡು ನಿಂತಳು. ಅವಳು ಚಿಕ್ಕೇರೂರಿನ ಹೆಣ್ಣು. ಉಳಿದ ಹೊತ್ತು ಉರ್ದು ಮಾತಾಡಿದರೂ ಸಿಟ್ಟು ಬಂದಾಗ ಅಚ್ಚ ಕನ್ನಡ.

"ನನ್ನ ಭರಣಿಗೆ ಜಾಗಾ ಎಲ್ಲೈತಿ ಈಗ?"

"ಒಂದ ದಿನದ ಮಾತು. ಕೀಬೋರ್ಡ್ ಮಾಸ್ತರ್ರ ಕಡೆ ಐತಿ, ಹಂಗಾಗಿ ಪೆಟಿಗೀನ ಕಂಪ್ಯೂಟರ್‌ಗೆ ಹಚ್ಚಬೇಕು. ಆ ಆಟ ಐತೆಲ್ಲ, ಅದ ಇದನ್ನ ಹಾಡಸ್ತೈತಿ."

ಆಟ ಎಂದರೆ ಒಂದೇ ಆಟ. ಅಲ್ತಾಫನೂ ಅವನ ಜೊತೆಗಾರ ಉಳಿವೆಪ್ಪನೂ ಮೀಸೆ ಮೂಡುವ ಕಾಲದಲ್ಲಿ ಅರಿವೆ ಅಂಗಡಿಯ ಮಾಳಿಗೆಯ ಮೇಲಿನ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದರು. ಕಲಿತದ್ದು ಕಡಿಮೆ, ಆಡಿದ್ದು ಹೆಚ್ಚು. ರಾಜಕುಮಾರನೊಬ್ಬ ರಾಕ್ಷಸನ ಗವಿಗೆ ನುಗ್ಗಿ ರಾಜಕುಮಾರಿಯನ್ನು ಬಿಡಿಸಿಕೊಂಡು ಬರುವ ಆಟ. ಮೊಹರಂ ತಿಂಗಳಲ್ಲಿ ಅಲ್ತಾಫನವರಲ್ಲಿ ಮದುವೆ ಇಲ್ಲ, ಆಷಾಢದಲ್ಲಿ ಉಳಿವೆಪ್ಪನವರಲ್ಲಿ ಇಲ್ಲ. ಆರ್ಕೆಸ್ಟ್ರಾ ಖಾಲಿ ಕೂತಾಗ ಪೆಟ್ಟಿಗೆಯನ್ನು ಕದ್ದು ಒಯ್ದು ಕಂಪ್ಯೂಟರಿಗೆ ಸಿಕ್ಕಿಸುತ್ತಿದ್ದರು. ಒಂದು ದಿನ ಮಾಸ್ತರರು ಕೋಲು ಹಿಡಿದು ಮಾಳಿಗೆ ಹತ್ತಿದರು. ರಾಕ್ಷಸನ ಗವಿಯ ಹಾಡು ನಡೆದಿತ್ತು. ಬಾಗಿಲಲ್ಲೇ ಕಣ್ಣು ಮುಚ್ಚಿ ನಿಂತರು. "ಇನ್ನೊಮ್ಮೆ ಹಚ್ಚು" ಅಂದರು. ಕೋಲು ಮೂಲೆಗೆ ಬಿತ್ತು.

ಆಮೇಲೆ ಆದದ್ದು ಇಷ್ಟು: ಆ ರಾಗ ಮಾಸ್ತರರ ಬೆರಳಿಗೆ ಅಂಟಿಕೊಂಡಿತು. ವರ್ಷಗಟ್ಟಲೆ ಸವಣೂರು ಸೇರಿ ನಾಲ್ಕೂ ತಾಲೂಕಿನ ಮದುಮಕ್ಕಳು ತಲೆ ತಗ್ಗಿಸಿ, ಕಣ್ಣೊರೆಸಿಕೊಳ್ಳುತ್ತ, ರಾಕ್ಷಸ ಗುಹೆಯಿಂದ ಹೊರಬರುವ ಹಾಡಿಗೆ ಹೆಜ್ಜೆ ಹಾಕಿ ಮಂಟಪಕ್ಕೆ ಬಂದರು. ಮಾಸ್ತರರಿಗೂ ಹೇಳದ ಈ ಗುಟ್ಟು ಗೊತ್ತಿದ್ದದ್ದು ಅಲ್ತಾಫ, ಉಳಿವೆಪ್ಪ ಇಬ್ಬರಿಗೇ. ಗುಲ್ನಾಜಳೂ ಆ ಹಾಡಿಗೇ ಬಂದವಳು, ಆದ್ದರಿಂದ ಗುಟ್ಟು ಗಟ್ಟಿಯಾಗಿ ಉಳಿದಿತ್ತು.

ಈಗ ಅಲ್ತಾಫ ಆ ಹಳೆಯ ಆಟವನ್ನು ಹುಡುಕಿ ಹೊಸ ಕಂಪ್ಯೂಟರಿನಲ್ಲಿ ಹಾಕಿದ್ದ. ಪಾರ್ಸೆಲ್ಲಿನಲ್ಲಿ ಒಂದು ವಾಯರು ತರಿಸಿದ್ದ. ಅದರ ಒಂದು ಬದಿ ಕಂಪ್ಯೂಟರಿಗೆ. ಇನ್ನೊಂದು ಬದಿ ಎರಡಾಗಿ ಕವಲೊಡೆದು ಎರಡು ದುಂಡನೆಯ ಮೂತಿ, ಒಂದರ ಮೇಲೆ 'ಇನ್', ಇನ್ನೊಂದರ ಮೇಲೆ 'ಔಟ್'. ಪೆಟ್ಟಿಗೆಯ ಬೆನ್ನಿಗೂ ಇನ್, ಔಟ್ ಎಂದು ತೂತು. ಇನ್ನನ್ನು ಇನ್ನಿಗೆ, ಔಟನ್ನು ಔಟಿಗೆ ಹಾಕಿದ. ಆಂಪ್ಲಿಫೈಯರಿನ ಒಂದು ತೂತಿಗೆ ಪೆಟ್ಟಿಗೆ, ಇನ್ನೊಂದಕ್ಕೆ ಕಂಪ್ಯೂಟರ್. ಕತ್ತಿಯ ಸದ್ದು ಕಂಪ್ಯೂಟರಿನದು, ಹಾಡು ಪೆಟ್ಟಿಗೆಯದು; ಹಿಂದೆಯೂ ಹಾಗೇ ಇತ್ತು. ಆಟ ಶುರು ಮಾಡಿದ. ಕತ್ತಿ ಖಣ್ ಖಣ್ ಅಂದಿತು. ಪೆಟ್ಟಿಗೆ ದೀಪ ಹಚ್ಚಿಕೊಂಡು ಸುಮ್ಮನೆ ಅವನನ್ನೇ ನೋಡಿತು.

ಅಷ್ಟರಲ್ಲಿ ಉಳಿವೆಪ್ಪ ಬಂದ. ಅವನದು ವೀಳ್ಯದೆಲೆ ವ್ಯಾಪಾರ. ಯಾವುದನ್ನಾದರೂ ಮೊದಲು ಜಗ್ಗಿ, ಆಮೇಲೆ ಏನೆಂದು ವಿಚಾರ ಮಾಡುವುದು ಅವನ ಸ್ವಭಾವ.

"ಕಂಪ್ಯೂಟರ್‌ದ ಸ್ವಂತ ದನೀಲೆ ಹಾಡಿಸಿಬಿಡಲೇ. ಯಾಕ ತಲಿ ಕೆಡಿಸ್ಕೋತಿ?"

"ಅದಕ್ಕ ದನಿ ಎಲ್ಲೈತೋ? ತಗಡಿನ ಡಬ್ಬ್ಯಾಗ ಜಿರಳಿ ಓಡಾಡಿದಂಗ ಆಕ್ಕೈತಿ. ಪೆಟಿಗಿ ಸಿಗಲಿಲ್ಲಂದ್ರ ಅದು ತಾನ ಹಾಡಾಕ ನಿಂದರತೈತಿ, ಖರೆ. ಆದ್ರ ನನ್ನ ಕಿವಿಗೆ ಮೋಸ ಮಾಡಾಕ ಆಗೂದಿಲ್ಲ ಬಿಡು. ಮಾಸ್ತರ್ರ ಕಿವಿಗಂತೂ ದೂರದ ಮಾತು."

ಆಧಾರ್ ಕಾರ್ಡ್ ಝೆರಾಕ್ಸಿಗೆಂದು ಬಂದ ಎದುರು ಮನೆಯ ರಮಜಾನಬಿ ಖಾಲಾ ಇಬ್ಬರ ಜಗಳವನ್ನು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ಕಡೆಗೆ ಕೇಳಿದಳು.

"ಹಾಡಿನ ಮಾತು ಎಲ್ಲಿಂದ ಎಲ್ಲಿಗೆ ಹೋಗಬೇಕೋ?"

"ಕಂಪ್ಯೂಟರ್‌ನಿಂದ ಪೆಟಿಗಿಗೆ ಖಾಲಾ. ಇಂಥ ಸ್ವರ ಇಂಥ ವಾದ್ಯದಾಗ ಬಾರ್ಸು ಅಂತ ಕಂಪ್ಯೂಟರ್ ಹೇಳ್ತೈತಿ, ಪೆಟಿಗಿ ಬಾರಸ್ತೈತಿ."

"ಮದಿಮಗಳು ಈ ಮನಿಯಿಂದ ಹೊರಗ ಬಿದ್ರ ಆ ಮನಿ ಒಳಗ ಹೊಕ್ಕಾಳು. ನೀವು ಹೊರಗ ಅನ್ನೂದನ್ನ ಹೊರಗ ಅನ್ನೂದಕ್ಕ ತಂದು ಹಚ್ಚೀರಿ. ಇಬ್ರೂ ಅಂಗಳದಾಗ ನಿಂತಾರ, ಒಳಗ ಕರಿಯವ್ರ ಇಲ್ಲ."

ಅಲ್ತಾಫ ಅದಲು ಬದಲು ಮಾಡಿ ಹಾಕಿದ. ಪೆಟ್ಟಿಗೆಯ ದೀಪ ಮಿಣುಕಿತು. ಇಷ್ಟು ವರ್ಷ ಉಪ್ಪಿನಕಾಯಿ ಹೊತ್ತ ಪೆಟ್ಟಿಗೆ ಬಾಯಿ ತೆರೆಯಿತು.

ಬಂದದ್ದು ಟೆಲಿಫೋನ್ ಗಂಟೆ. ಟ್ರಿಣ್, ಟ್ರಿಣ್, ಟ್ರಿಣ್ ಎಂದು ರಾಗವಾಗಿ.

ರಮಜಾನಬಿ ಸ್ಟೂಲು ಕೆಡವಿಕೊಂಡು ಮನೆಗೆ ಓಡಿದಳು. ಅವಳ ಮನೆಯ ಫೋನು ಸತ್ತು ವರ್ಷಗಳೇ ಆಗಿದ್ದವು, ಆದರೂ ಇನ್ನೂ ಕಸೂತಿ ಬಟ್ಟೆ ಹೊದ್ದು ಗೂಡಿನಲ್ಲಿ ಕೂತಿತ್ತು. ಗಂಡ ಗಲ್ಫಿನಲ್ಲಿದ್ದಾಗ ವಾರಕ್ಕೊಮ್ಮೆ ಅದು ಹೊಡೆದುಕೊಳ್ಳುತ್ತಿತ್ತು. ಅವನು ತೀರಿಕೊಂಡ ಮೇಲೂ ಆ ಸದ್ದಿಗೆ ಕಾಲು ತಾವೇ ಓಡಿದವು. ಸ್ವಲ್ಪ ಹೊತ್ತಿಗೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೊರಳಿ ಬಂದು, "ನಿಮ್ಮ ಪೆಟಿಗಿಗೆ ಬೆಂಕಿ ಹಚ್ಚಲಿ, ಹಲೋ ಅಂದ್ಬಿಟ್ಟೆ" ಅಂದಳು. ಅಲ್ತಾಫನಿಗೆ ನಗು ಬರಲಿಲ್ಲ.

"ಕೊಳಲಿನ ಜಾಗಾದಾಗ ಗಂಟಿ ಕುಂತೈತಿ. ಮಾಸ್ತರ್ರು ತಮಗ ಬೇಕಾದಂಗ ವಾದ್ಯ ಹಿಂದ ಮುಂದ ಮಾಡಿ ಇಟ್ಟಿರಬೇಕು" ಎಂದು ಅವನು ಪೆಟ್ಟಿಗೆಯ ಎರಡು ಗುಂಡಿ ಕೂಡಿಯೇ ಒತ್ತಿ ಹಿಡಿದ. ಹಾಗೆ ಮಾಡಿದರೆ ಎಲ್ಲ ಮೊದಲಿನಂತೆ ಸಾಲಿಗೆ ನಿಲ್ಲುತ್ತದೆಂದು ಎಲ್ಲೋ ಓದಿದ್ದ. ಪೆಟ್ಟಿಗೆ ಕಿರ್ರೆಂದಿತು. ಉಳಿವೆಪ್ಪನಿಗೆ ತಡೆಯಲಾಗಲಿಲ್ಲ. ಕಂಪ್ಯೂಟರಿನ ಬೆನ್ನಿಗೆ ಕೈ ಹಾಕಿ ವಾಯರು ಜಗ್ಗಿದ.

ಬಾರಿಸು ಎಂದ ಕಂಪ್ಯೂಟರ್ ಸಾಕು ಎನ್ನುವ ಮೊದಲೇ ವಾಯರು ಕಿತ್ತಿತ್ತು. ಹುಕುಂ ಬಾರದೆ ನಿಲ್ಲಿಸಬಾರದೆಂಬುದು ಪೆಟ್ಟಿಗೆಯ ನಿಯತ್ತು. ಕೈಯಲ್ಲಿದ್ದ ಒಂದೇ ಸ್ವರವನ್ನು ಹಿಡಿದು ಕೂಗತೊಡಗಿತು. ಊಂ ಎಂದು, ಉಸಿರು ತೆಗೆದುಕೊಳ್ಳದೆ. ಓಣಿಯ ನಾಯಿಗಳು ಜೊತೆಗೂಡಿದವು. ಅಲ್ತಾಫ ಗುಂಡಿ ಒತ್ತಿದ, ತಟ್ಟಿದ, ಕೈಮುಗಿದ. ಯಾವುದೋ ವಾಸನೆ ಬಂತು.

"ಗುಲ್ನಾಜ, ಒಲಿ ಮ್ಯಾಲ ಏನೋ ಸುಡಾಕತ್ತೈತಿ ನೋಡ" ಎಂದು ರಮಜಾನಬಿ ಕೂಗಿದಳು.

ಗುಲ್ನಾಜ ಒಳಗಿನಿಂದ ಬಂದವಳೇ ಗೋಡೆಯ ಪ್ಲಗ್ಗು ಕಿತ್ತಳು. ಪೆಟ್ಟಿಗೆ ಗಪ್ಪಾಯಿತು, ನಾಯಿಗಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಉಳಿವೆಪ್ಪಣ್ಣಾ, ಎಲಿ ಅಂಗಡ್ಯಾಗ ಏನೂ ಕೆಲಸ ಇಲ್ಲೇನು?" ಎಂದಳು. ಉಳಿವೆಪ್ಪ ಚಪ್ಪಲಿ ಕೈಯಲ್ಲಿ ಹಿಡಿದೇ ಹೋದ.

ಮಧ್ಯಾಹ್ನ ಅಲ್ತಾಫ ನಮಾಜಿಗೆ ಹೋದ, ಬರುವಾಗ ಮಾಸ್ತರರಿಗೆಂದು ಬೇಕರಿಯಲ್ಲಿ ಬಿಸ್ಕೀಟು ಕಟ್ಟಿಸಿದ, ದಾರಿಯುದ್ದಕ್ಕೂ ದುವಾ ಮಾಡಿದ. ಮನೆಗೆ ಬಂದರೆ ಗುಲ್ನಾಜ ಅಂಗಡಿಯನ್ನು ಗುಡಿಸಿ, ಸಾರಿಸಿ, ಪೆಟ್ಟಿಗೆಯ ಮೇಲೆ ತನ್ನ ತವರಿನ ಕಸೂತಿ ಬಟ್ಟೆ ಹೊದಿಸಿದ್ದಳು. ಧೂಳು ಕಾಣಬಾರದೆಂದು. ಅವನ ಬಿಳಿ ಜುಬ್ಬಾ ಇಸ್ತ್ರಿಯಾಗಿ ಗೂಟಕ್ಕೆ ತೂಗುತ್ತಿತ್ತು. ಬೈಯುವ ಹೆಂಗಸು ಇಷ್ಟು ಮಾಡುತ್ತಾಳೆಂದರೆ ಅವಳಿಗೂ ಮಾಸ್ತರರ ಮೇಲೆ ಅಭಿಮಾನವಿದೆ ಎಂದು ಅವನಿಗೆ ಎದೆ ತುಂಬಿ ಬಂತು.

ಜುಬ್ಬಾ ತೊಟ್ಟು, ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿದ. ಬಿಸ್ಮಿಲ್ಲಾ ಎಂದು ಆಟ ತೆರೆದ.

ಹಾಡು ಬಂತು. ಕೊಳಲು ಕೊಳಲಾಗಿತ್ತು, ಸನಾದಿ ಸನಾದಿಯಾಗಿತ್ತು. ಬೆಳಿಗ್ಗೆ ಒತ್ತಿದ ಎರಡು ಗುಂಡಿ ಕೆಲಸ ಮಾಡಿದ್ದವು ಎಂದು ಅಲ್ತಾಫ ಕುಣಿಯುವುದೊಂದು ಬಾಕಿ. ಆ ಮಾಳಿಗೆ, ಆ ಮರದ ಮೆಟ್ಟಿಲು, ಕೆಳಗಿನ ಅಂಗಡಿಯ ಹೊಸ ಬಟ್ಟೆಯ ವಾಸನೆ, ಇಬ್ಬರು ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂತು ಆಡಿದ ಮಧ್ಯಾಹ್ನಗಳು ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಜುಬ್ಬಾದ ತೋಳಿನಿಂದಲೇ ಕಣ್ಣೊರೆಸಿಕೊಂಡ. ಸುದ್ದಿ ಕೇಳಿ ಹೊರಳಿ ಬಂದ ಉಳಿವೆಪ್ಪನಿಗೆ, "ಕೇಳಲೇ, ಇದು ಪೆಟಿಗಿ ಅಂದ್ರ. ಕಂಪ್ಯೂಟರ್ ಏಳು ಜನ್ಮ ಹುಟ್ಟಿ ಬಂದ್ರೂ ಈ ದನಿ ತರಂಗಿಲ್ಲ" ಎಂದ. ಉಳಿವೆಪ್ಪನೂ ಮೂಗೊರೆಸಿಕೊಂಡ.

ಹೊತ್ತು ಇಳಿಯುವಾಗ ಮಾಸ್ತರರು ಬಂದರು. ಅತ್ತರು ಹಚ್ಚಿಕೊಂಡಿದ್ದರು, ಆರ್ಕೆಸ್ಟ್ರಾ ದಿನಗಳ ಕೆಂಪು ಶಾಲು ಹೊದ್ದಿದ್ದರು. "ಬರ್ರಿ, ಕುಂದರ್ರಿ" ಎಂದು ಉಳಿವೆಪ್ಪ ಕುರ್ಚಿ ಕೊಟ್ಟ. ರಾಕ್ಷಸನ ಹಲ್ಲು ಅವರ ಕಣ್ಣಿಗೆ ಬೀಳದಿರಲೆಂದು ಅಲ್ತಾಫ ಪರದೆಯನ್ನು ಅಡ್ಡ ತಿರುಗಿಸಿದ. ಗವಿಯ ಹಾಡು ಹಚ್ಚಿದ.

ಮಾಸ್ತರರು ಕಣ್ಣು ಮುಚ್ಚಿದರು. ಅವರ ಬೆರಳು ಮೊಣಕಾಲ ಮೇಲೆ ತಾವಾಗಿ ಆಡತೊಡಗಿದವು. ರಮಜಾನಬಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದಳು.

"ಹಾನಗಲ್ಲದಾಗ ಒಂದ ಮದವಿ ಇತ್ತು" ಎಂದರು ಮಾಸ್ತರರು ಕಡೆಗೆ. "ಹುಡುಗಿಗೆ ಅವ್ವ ಇರಲಿಲ್ಲ. ಮಂಟಪಕ್ಕ ಬರವಲ್ಲೆ ಅಂತ ಅಳಕೋತ ಕುಂತಿದ್ಲು. ಈ ಹಾಡು ಬಾರಿಸಿದೆ ನೋಡು, ಎದ್ದು ಬಂದ್ಲು. ಅವ್ವ ಕೈ ಹಿಡದು ಕರಕೊಂಡು ಬಂದಂಗಾತು ಅಜ್ಜಾ ಅಂದ್ಲು. ನಾ ಆಗಿನ್ನೂ ಅಜ್ಜ ಆಗಿರಲಿಲ್ಲ." ಸ್ವಲ್ಪ ನಕ್ಕರು. "ಈಗಿನ ಕಂಪ್ಯೂಟರ್‌ಗೆ ಇದು ಬರತೈತೇನೋ ಅಲ್ತಾಫ?"

"ಎಲ್ಲಿ ಬರತೈತ್ರಿ ಮಾಸ್ತರ್. ಅದಕ್ಕ ಜೀವ ಎಲ್ಲೈತ್ರಿ."

ಮಾಸ್ತರರು ಎದ್ದು ಅಲ್ತಾಫನ ತಲೆಯ ಮೇಲೆ ಕೈಯಿಟ್ಟರು. "ನೀ ನನ್ನ ಮಾತು ಉಳಿಸಿದಿ. ಈ ಭಾನುವಾರ ಹತ್ತಿಮತ್ತೂರಾಗ ನನ್ನ ಮೊಮ್ಮಗಳು ಶಬನಮಂದು ಮದವಿ ಐತಿ. ಡಿಜೆ ಹೇಳ್ಯಾರ. ಬ್ಯಾಡ. ನಮ್ಮ ಹುಡುಗಿ ಈ ಪೆಟಿಗಿ ಹಾಡಿಗೇ ಬರಬೇಕು." ಅಲ್ಲೇ ನಿಂತು ಮಗನಿಗೆ ಫೋನು ಮಾಡಿ ಡಿಜೆಯವರಿಗೆ ಬೇಡವೆಂದು ಹೇಳಿಸಿದರು. ಉಳಿವೆಪ್ಪ ಚಪ್ಪಾಳೆ ತಟ್ಟಿದ. ಆ ದಿನ ಸವಣೂರಿನಲ್ಲಿ ಅಲ್ತಾಫನಷ್ಟು ಸುಖಿ ಯಾರೂ ಇರಲಿಲ್ಲ.

ಎಲ್ಲರೂ ಹೋದ ಮೇಲೆ ಗುಲ್ನಾಜ ನಾಳಿನ ಬಟ್ಟೆಯ ಗಂಟು ತಂದು ಅಲ್ಲೇ ಇಸ್ತ್ರಿಗೆ ಕೂತಳು. ಒಂದೇ ಅಂಗಿಯ ಮೇಲೆ ಇಸ್ತ್ರಿ ಮೂರು ಸಲ ಹೋಗಿ ಬಂತು. ಇದು ಒಳ್ಳೆಯ ಲಕ್ಷಣವಲ್ಲವೆಂದು ಇಷ್ಟು ವರ್ಷದ ಸಂಸಾರದಲ್ಲಿ ಅಲ್ತಾಫ ಕಲಿತಿದ್ದ.

"ನಾ ಹಿಂದ ನಿಂತಿದ್ನಿ. ಪರದೆ ನನ್ನ ಕಡೆ ತಿರಗಿತ್ತು" ಎಂದಳು. "ನನ್ನ ಮದವ್ಯಾಗ ಬಾರ್ಸಿದ್ದೂ ಆ ಹಲ್ಲಿನಂವನ ಹಾಡ ಹೌದಲ್ಲ?"

"ಅದು ಹಂಗಲ್ಲ... ಹಾಡು ಚಲೋ ಐತೆಲ್ಲ..."

"ಹಾಡು ಚಲೋ ಐತಿ. ಅದರ ಹಿಂದ ಯಾರು ಬರಾಕತ್ತಾರಂತ ನನಗ ಒಂದ ಮಾತು ಹೇಳಬೇಕಾಗಿತ್ತು."

ಮಾತು ಬದಲಿಸಲೆಂದು ಅಲ್ತಾಫ ಪೆಟ್ಟಿಗೆಯ ಕಡೆ ತಿರುಗಿದ. ಪ್ರೀತಿಯಿಂದ ಕಸೂತಿ ಬಟ್ಟೆ ಸರಿಸಿದ. ಪೆಟ್ಟಿಗೆಯ ದೀಪ ಉರಿಯುತ್ತಿರಲಿಲ್ಲ. ಅದರ ವಾಯರನ್ನು ಹಿಡಿದುಕೊಂಡು ಹೋದ. ಮೇಜಿನ ಕೆಳಗೆ ಅದರ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಗೋಡೆಯ ಸಾಕೆಟ್ಟಿನಲ್ಲಿ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಇತ್ತು.

"ಇದನ್ನ ಯಾವಾಗ ತಗದಿ?"

"ಮುಂಜಾನೆ ನಾಯಿ ಒದರಿದಾಗ ಕಿತ್ತಿದ್ನಲ್ಲ, ಅವಾಗ. ಆಮ್ಯಾಲ ನಿಮ್ಮ ಜುಬ್ಬಾಕ ಇಸ್ತ್ರಿ ಬ್ಯಾಡೇನು? ಅವಾಗಿಂದ ಇದ ಐತಿ."

ಅಲ್ತಾಫ ಮೇಜಿನ ಹಿಂದೆ ಬಗ್ಗಿ ನೋಡಿದ. ಉಳಿವೆಪ್ಪ ಜಗ್ಗಿದ ವಾಯರು ಕಂಪ್ಯೂಟರಿನಿಂದ ಕಳಚಿಕೊಂಡು ಬೆಳಗಿನಿಂದಲೂ ಗೋಡೆಗೆ ಜೋತುಬಿದ್ದಿತ್ತು; ಗಡಿಬಿಡಿಯಲ್ಲಿ ಅದನ್ನು ತಿರುಗಿ ಸಿಕ್ಕಿಸಲು ಅವನೇ ಮರೆತಿದ್ದ. ಪೆಟ್ಟಿಗೆ ಸಿಗದ ಕಂಪ್ಯೂಟರ್ ತಾನೇ ಹಾಡಿತ್ತು. ಮಾಸ್ತರರ ಬೆರಳು ಆಡಿದ್ದು, ತನ್ನ ಕಣ್ಣಿನಿಂದ ನೀರು ಬಂದದ್ದು ಎಲ್ಲ ಆ ತಗಡಿನ ಡಬ್ಬಿಯ ಜಿರಳೆಗೆ.

ಇಸ್ತ್ರಿಯ ಪ್ಲಗ್ಗು ಕಿತ್ತು ಪೆಟ್ಟಿಗೆಯದನ್ನು ಹಾಕಿದ. ದೀಪ ಬರಲಿಲ್ಲ. ತಟ್ಟಿದ, ಅಲ್ಲಾಡಿಸಿದ. ಮೂಗು ಹಚ್ಚಿ ನೋಡಿದರೆ ಬೆಳಗಿನದೇ ವಾಸನೆ.

"ಗುಲ್ನಾಜ, ಮುಂಜಾನೆ ಒಲಿ ಮ್ಯಾಲ ಏನ ಸುಟ್ಟಿತ್ತು?"

"ಏನ ಸುಡ್ತೈತ್ರಿ? ನಾ ಒಲಿ ಹಚ್ಚಿದ್ದ ಆಮ್ಯಾಲ."

ಆ ಹೊತ್ತಿಗೇ ಅವನ ಫೋನು ಹೊಡೆದುಕೊಂಡಿತು. ಮಾಸ್ತರರು. ದನಿಯಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು.

"ಅಲ್ತಾಫ, ಕೀಬೋರ್ಡ್ ಧೂಳಾ ಒರಸಿ ಇಟ್ಟೇನಿ. ಭಾನುವಾರ ನಾನ ಕೈಲೆ ಬಾರಸ್ತೇನಿ. ನೀ ಬರೇ ಪೆಟಿಗಿ ತಂದು ಹಚ್ಚು. ಕಂಪ್ಯೂಟರ್ ಗಿಂಪ್ಯೂಟರ್ ತರಬ್ಯಾಡ ಮತ್ತ, ಶುಭಕಾರ್ಯದಾಗ ಜೀವ ಇಲ್ಲದ್ದು ಬ್ಯಾಡ. ನೀನ ಅಂದಿ ಹೌದಲ್ಲ? ಹಾಂ, ನಮ್ಮ ಪಾರ್ಟಿ ಹಳೇ ಮಂದಿಗೆಲ್ಲ ಫೋನ್ ಮಾಡೇನಿ. ಹಿರೇಕೆರೂರಿಂದ, ಶಿಗ್ಗಾವಿಯಿಂದ ಎಲ್ಲಾರೂ ಪೆಟಿಗಿ ಕೇಳಾಕ ಬರಾಕತ್ತಾರ."

"ಹೂಂನ್ರಿ ಮಾಸ್ತರ್" ಎಂದ ಅಲ್ತಾಫ. ಫೋನು ಇಟ್ಟು ನೆಲದ ಮೇಲೆ ಕೂತ.

"ಈಗ ಏನ ಮಾಡೂದ?"

ಗುಲ್ನಾಜ ಇಸ್ತ್ರಿಯ ಪ್ಲಗ್ಗನ್ನು ಮತ್ತೆ ಗೋಡೆಗೆ ಸಿಕ್ಕಿಸಿದಳು. ಒಂದು ಅಂಗಿ ಮಡಚಿದಳು, ಇನ್ನೊಂದು ಹರವಿದಳು.

"ಮಾಡೂದೇನು. ಮಂಟಪದ ಪರದೆ ಹಿಂದ ಕುಂತು ನೀವ ಹಾಡ್ರಿ. ಪೆಟಿಗಿ ದಿನಾ ಹಾಡ್ತೈತಿ ಅಂತ ಇಷ್ಟು ದಿನ ಬಾಯಿಲೇ ಹಾಡಿಸಿದವ್ರು ನೀವ ಅಲ್ಲೇನು?"

ಅಲಮಾರಿಯ ಮೇಲಿನ ಖಾಲಿ ಜಾಗ ಕಂಡು ಅವಳಿಗೆ ಭರಣಿಯ ನೆನಪಾಯಿತು. ಪೆಟ್ಟಿಗೆಯನ್ನು ತಾನೇ ಎತ್ತಿ ಮೇಲಿಟ್ಟಳು, ಅದರ ಮೇಲೆ ಭರಣಿ ಇಟ್ಟಳು. ಕೆಳಗೆ ಅಲ್ತಾಫ ಗಂಟಲು ಸರಿಮಾಡಿಕೊಂಡು, ರಾಕ್ಷಸ ಗವಿಯಿಂದ ಹೊರಬರುವ ಹಾಡನ್ನು ಮೆಲ್ಲಗೆ, ಮೂಗಿನಿಂದ, ಅಭ್ಯಾಸ ಮಾಡತೊಡಗಿದ.